ಕತ್ತಿಯ ಮುಂದೆ ಕೊರಳು

ಕ್ಷೌರದಂಗಡಿಯ ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ ಗೃಹಸ್ಥನನ್ನು ಒಮ್ಮೆ ನೋಡಬೇಕು. ಮನೆಯ ಬೀರುವಿನ ಬೀಗದಕೈಯನ್ನು ಸ್ವಂತ ತಮ್ಮನಿಗೂ ಕೊಡದವನು, ಬಸ್ಸಿನಲ್ಲಿ ಜೇಬಿನ ಮೇಲಿಟ್ಟ ಕೈ ತೆಗೆಯದವನು, ಇಲ್ಲಿ ಮಾತ್ರ ಹರಿತವಾದ ಅಲಗಿಗೆ ತನ್ನ ಕೊರಳನ್ನೇ ಒಪ್ಪಿಸಿ ನಿಶ್ಚಿಂತನಾಗಿ ತೂಕಡಿಸುತ್ತಾನೆ. ಕತ್ತಿ ಹಿಡಿದವನ ಹೆಸರು ಕೂಡ ಅನೇಕ ವೇಳೆ ಅವನಿಗೆ ತಿಳಿದಿರುವುದಿಲ್ಲ!

ಇಂಥ ನಂಬಿಕೆಯನ್ನು ಗಳಿಸಿಕೊಟ್ಟದ್ದು ಪಳಗಿದ ಕೈ. ಹಿಂದಿನ ಕಾಲದ ಮಡಿಸುವ ಕ್ಷೌರದ ಕತ್ತಿಗೆ ಯಾವ ತಡೆಯೂ ಇರಲಿಲ್ಲ. ದಪ್ಪನೆಯ ಬೆನ್ನು, ಎರಡು ಪಕ್ಕದಲ್ಲಿಯೂ ಒಳಕ್ಕೆ ತಗ್ಗಿಸಿ ತೆಳುಮಾಡಿದ ಒಡಲು, ಕೊನೆಯಲ್ಲಿ ಕಣ್ಣಿಗೆ ಕಾಣದಷ್ಟು ನವುರಾದ ಬಾಯಿ. ಮೊದಲು ಬಿಸಿನೀರಿನಿಂದ ಗಡ್ಡ ಮೆತ್ತಗಾಗಬೇಕು. ಸಾಬೂನಿನ ನೊರೆ ಕೂದಲಿನ ಬುಡಕ್ಕೆ ಇಳಿಯಬೇಕು. ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರುವಂತೆ, ಬಲಗೈಯ ಕತ್ತಿ ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲೇ ಸರಿಯಬೇಕು. ಓರೆ ಹೆಚ್ಚಿದರೆ ಚರ್ಮ ಕೊಯ್ಯುವ ಅಪಾಯ. ತೀರ ಕಡಿಮೆಯಾದರೆ ಕೂದಲು ಕಿತ್ತಂತಾಗಿ ಕಣ್ಣಲ್ಲಿ ನೀರು. ಕೆನ್ನೆಯೇನೋ ಬಯಲು ಪ್ರದೇಶ. ಗದ್ದದ ತಿರುವು, ಮೇಲ್ತುಟಿ, ನುಂಗಿದಾಗಲೆಲ್ಲ ಮೇಲೆ ಕೆಳಗೆ ಓಡಾಡುವ ಗಂಟಲಿನ ಗಂಟು, ಇವುಗಳಲ್ಲಿಯೇ ಕಸುಬಿನ ಪರೀಕ್ಷೆ.

ಕ್ಷೌರಕ್ಕೆ ಮುನ್ನ ಗೋಡೆಗೆ ತೂಗಿದ ತೊಗಲಿನ ಪಟ್ಟಿಯ ಮೇಲೆ ಕತ್ತಿ ಸರಸರನೆ ಆಡುತ್ತಿದ್ದಿತು. ಬೆನ್ನು ಮುಂದು, ಬಾಯಿ ಹಿಂದು. ಪಟ್ಟಿಯ ತುದಿಯಲ್ಲಿ ಬೆನ್ನಿನ ಮೇಲೆಯೇ ಮಗುಚಿ ಮತ್ತೆ ಹಿಂದಕ್ಕೆ. ಮೈಮರೆತು ಬಾಯಿ ಮುಂದಾಯಿತೋ, ತೊಗಲೂ ಹೋಯಿತು, ಹರಿತವೂ ಹೋಯಿತು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಮೊಂಡಾಗುವುದು ಉಕ್ಕೇ! ಇದರ ಗುಟ್ಟನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಬಿಡಿಸಿ ತೋರಿಸಿದರು. ಕೂದಲು ಬಾಗಿ ಅಲಗಿಗೆ ಓರೆಯಾಗಿ ತಗುಲಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಬಾಯಿಯ ಅಂಚು ಸೂಕ್ಷ್ಮವಾದ ಚೂರುಗಳಾಗಿ ಸಿಡಿಯುತ್ತದೆ.

ಉಕ್ಕಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳಿಯೇ ಮುಂದೆ ಹೋಗಬೇಕು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕಾಯಿಸಿ ಮಾಡುತ್ತಿದ್ದ ಉಕ್ಕನ್ನು ಐರೋಪ್ಯರು ‘ವೂಟ್ಜ್’ ಎಂದು ಕರೆದರು. ಆ ಹೆಸರು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕಿಗೆ ಮಾರುಹೋಗಿದ್ದನು. 1820ರ ಸುಮಾರಿಗೆ ಅವನೊಡನೆ ಇದರ ಗುಣಗಳನ್ನು ಪರೀಕ್ಷಿಸಿ ಹೊಸ ಮಿಶ್ರಲೋಹಗಳನ್ನು ಮಾಡಹೊರಟವನು, ಮುಂದೆ ವಿದ್ಯುಚ್ಛಾಸ್ತ್ರದಲ್ಲಿ ಕೀರ್ತಿವಂತನಾದ ಮೈಕೆಲ್ ಫ್ಯಾರಡೆ. ಆ ಪ್ರಯೋಗಗಳ ಉಕ್ಕಿನಿಂದಾದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಟ್ಟನಂತೆ.

ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕನ್ನನ ಬಿಸಾಡುವ ಬ್ಲೇಡು 1903ರಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲ ವರ್ಷ ಬಿಕರಿಯಾದುದು 51 ರೇಜರು, 168 ಬ್ಲೇಡು. ಅಲ್ಲಿಂದ ಮುಂದೆ ಕ್ಷೌರ ಮನೆಯ ಬಚ್ಚಲಿಗೆ ಬಂದರೂ ಅಂಗಡಿಯ ಕತ್ತಿ ಬಹುಕಾಲ ಜಗ್ಗಲಿಲ್ಲ. ಅದನ್ನು ಕೊನೆಗೆ ಮೂಲೆಗೆ ತಳ್ಳಿದ್ದು ರೋಗದ ಭಯ. ಒಬ್ಬನ ಕೆನ್ನೆಯ ಕಾಣದ ಗಾಯದಿಂದ ಅಂಟಿದ ರಕ್ತದ ಮೂಲಕ ಯಕೃತ್ತಿಗೆ ಮಾರಕವಾದ ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ಇನ್ನೊಬ್ಬನಿಗೆ ದಾಟಬಲ್ಲವು. ಬಿ ವೈರಸ್ಸಂತೂ ದೇಹದ ಹೊರಗೆ 7 ದಿನವಾದರೂ ಬದುಕಿರಬಲ್ಲುದು. ಕ್ಷೌರದ ನಂತರ ಸವರುವ ಪಟಿಕದ ತುಂಡು ರಕ್ತವನ್ನು ನಿಲ್ಲಿಸೀತು, ವೈರಸ್ಸನ್ನು ನಿಲ್ಲಿಸದು. ಹತ್ತು ಮುಖಗಳ ಮೇಲೆ ಆಡುವ ಆ ತುಂಡನ್ನೂ ಸಂಶಯದಿಂದಲೇ ನೋಡಬೇಕು. ಹಳೆಯ ಕತ್ತಿಗಾಗಿ ಎಷ್ಟೇ ಹಂಬಲಿಸಿದರೂ, ಅದು ಹೋದದ್ದು ಒಳ್ಳೆಯದೇ ಆಯಿತು.

ಕೊರಳನ್ನು ಕಾಯ್ದ ಆ ಕೈಗೆ ಸಂದ ಮರ್ಯಾದೆಯ ಕಥೆ ಮಾತ್ರ ಇಷ್ಟು ಹಿತವಾದುದಲ್ಲ. ಅರ್ಧ ಗಂಟೆ ಕಾಲ ಆ ಬೆರಳುಗಳಿಗೆ ಮುಖವನ್ನು ಒಪ್ಪಿಸಿದ ಯಜಮಾನ ಮನೆಗೆ ಮರಳುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಸ್ನಾನವಾಗುವವರೆಗೆ ಮಗುವನ್ನೂ ಮುಟ್ಟುವಂತಿರಲಿಲ್ಲ. ಅದೇ ಮನೆಯಲ್ಲಿ ಮದುವೆಯಾದರೆ ಮುಹೂರ್ತಕ್ಕೆ ನಾಗಸ್ವರ ಊದಲು ಬರುತ್ತಿದ್ದವರು ಎಷ್ಟೋ ಊರುಗಳಲ್ಲಿ ಅದೇ ಕ್ಷೌರಿಕರ ಮನೆತನದವರು. ಅವರ ಉಸಿರಿನ ನಾದ ಮಂಗಳಕರ, ಕೈಯ ಸ್ಪರ್ಶ ಮೈಲಿಗೆ! ಅವರ ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸುವ ನಾಲಗೆಗಳು ಪಟ್ಟಣದಲ್ಲಿ ಈಗಲೂ ಇವೆ.

ಅವಮಾನದ ಈ ಸರಪಳಿ ಅಲ್ಲಿಗೇ ಮುಗಿಯಲಿಲ್ಲ. ದಲಿತರಿಗೆ ಕ್ಷೌರ ಮಾಡಲು ನಿರಾಕರಿಸಿದ ಪ್ರಕರಣಗಳು ಕರ್ನಾಟಕದ ಹಳ್ಳಿಗಳಿಂದ ಈ ಶತಮಾನದಲ್ಲಿಯೂ ವರದಿಯಾಗಿವೆ. ಅಸ್ಪೃಶ್ಯತೆಯ ಕಾರಣದಿಂದ ಸೇವೆ ನಿರಾಕರಿಸುವುದು 1955ರ ಕಾಯಿದೆಯಿಂದಲೇ ಶಿಕ್ಷಾರ್ಹ. ಆದರೆ ಊರಿನ ಬಲಿಷ್ಠರ ಬಹಿಷ್ಕಾರಕ್ಕೆ ಹೆದರಿ ಅಂಗಡಿಯ ಬಾಗಿಲನ್ನೇ ಎಳೆದುಕೊಂಡ ಕ್ಷೌರಿಕರೂ ಉಂಟು. ಅತ್ತ ಕಾಯಿದೆ, ಇತ್ತ ಹೊಟ್ಟೆಪಾಡು. ಕುರ್ಚಿಯೊಂದರಲ್ಲಿ ಯಾರು ಕೂಡಬಹುದೆಂಬುದನ್ನು ಅದರಲ್ಲಿ ಎಂದೂ ದುಡಿಯದವರು ತೀರ್ಮಾನಿಸುತ್ತಿದ್ದರು.

ಪಟ್ಟಣದ ಅಂಗಡಿಗಳಲ್ಲಿ ಈಗ ತೊಗಲಿನ ಪಟ್ಟಿ ಅಪರೂಪ. ಕ್ಷೌರಿಕ ಬ್ಲೇಡನ್ನು ಅದರ ಕಾಗದದೊಳಗೇ ಬಾಗಿಸಿ ಚಟಕ್ಕನೆ ಎರಡಾಗಿ ಮುರಿಯುತ್ತಾನೆ. ಅರ್ಧವನ್ನು ಹಿಡಿಕೆಗೆ ಸಿಕ್ಕಿಸುತ್ತಾನೆ. ಹೊಸದೇ ಹೌದೋ ಎಂದು ಗಿರಾಕಿ ಒಂದು ಕಣ್ಣನ್ನು ಅರೆ ತೆರೆದು ನೋಡುತ್ತಾನೆ. ಬಲ್ಲ ಕ್ಷೌರಿಕ ಅದಕ್ಕೆ ಬೇಸರಿಸುವುದಿಲ್ಲ; ಬ್ಲೇಡನ್ನು ತುಸು ಮುಂದಕ್ಕೆ ಹಿಡಿದು ತೋರಿಸಿ, ಗದ್ದಕ್ಕೆ ಎರಡು ಬೆರಳು ಕೊಟ್ಟು ಮುಖವನ್ನು ಮೆಲ್ಲನೆ ಮೇಲಕ್ಕೆತ್ತುತ್ತಾನೆ. ಗಿರಾಕಿಯ ಕಣ್ಣು ಮತ್ತೆ ಮುಚ್ಚುತ್ತದೆ.