ದಪ್ಪ ಅಕ್ಷರಕ್ಕೂ ಹೊಟ್ಟೆ ಸೀಳು ಬೇಕು

ಕುಮಟಾದಿಂದ ಹೊನ್ನಾವರದ ಕಡೆ ಹೆದ್ದಾರಿ ಹಿಡಿದರೆ ಧಾರೇಶ್ವರ ಸಿಗುತ್ತದೆ, ಧಾರಾನಾಥನ ಕ್ಷೇತ್ರ. ಹೊಸದೊಂದು ಅಲಂಕಾರಿಕ ಫಾಂಟ್ ಕೈಗೆ ಬಂದರೆ ಮೊದಲು ಈ ಊರಿನ ಹೆಸರನ್ನೇ ಟೈಪಿಸಿ ನೋಡಿ. ಫಾಂಟಿನ ಬಂಡವಾಳವೆಲ್ಲ ಬಯಲಾಗುತ್ತದೆ.

ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಮಾತ್ರ ಅದು ಎಂಟು ಯುನಿಕೋಡ್ ಸಂಕೇತ: ಧ, ಇಳಿ, ರ, ಏತ್ವ, ಶ, ಹಲಂತ, ವ, ರ. ಈ ಎಂಟನ್ನು ಹೇಗೆ ಹೊಂದಿಸಬೇಕು, ತಲಕಟ್ಟನ್ನು ಎಲ್ಲಿ ಕಳಚಬೇಕು, 'ವ'ವನ್ನು ಯಾವಾಗ ಒತ್ತಾಗಿ ಕೆಳಗಿಳಿಸಬೇಕು ಎಂಬ ನಿಯಮಗಳು ಬಹುಪಾಲು ಫಾಂಟಿನ ಒಳಗೇ ಇರುತ್ತವೆ. ಹಾಗಾಗಿ ಕನ್ನಡದ ಫಾಂಟ್ ಮಾಡುವವರು ವರ್ಣಮಾಲೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕೃತಿ ಬರೆಯಬೇಕು.

ತಮಾಷೆಯ, ದುಂಡುದುಂಡಾದ ಅಕ್ಷರ ಬೇಕೆಂದಾಗ ಮೊದಲು ಕೈ ಹೋಗುವುದು ಗೀಟನ್ನು ದಪ್ಪ ಮಾಡುವುದಕ್ಕೆ. ಮೊದಲ ಏಟು ಬೀಳುವುದು 'ಧ'ಕ್ಕೆ. ಶಾಲೆಯಲ್ಲಿ 'ಹೊಟ್ಟೆ ಸೀಳು' ಎಂದು ಕಲಿಸುವ ಆ ಪುಟ್ಟ ಗೆರೆ ಉಬ್ಬಿದ ಗೀಟಿನಲ್ಲಿ ಮುಚ್ಚಿಹೋದರೆ ಊರು 'ದಾರೇಶ್ವರ'ವಾಗುತ್ತದೆ. ಪ-ಫ, ಡ-ಢ, ಬ-ಭ ಜೋಡಿಗಳ ಹಣೆಬರಹವೂ ಇದೇ. 'ಠ'ದ ಹೊಟ್ಟೆಯ ಚುಕ್ಕೆ ಕರಗಿದರೆ ಉಳಿಯುವುದು 'ರ'. ಬಲ್ಲ ವಿನ್ಯಾಸಕಾರರು ಇಂಥ ಕಡೆ ಗೀಟನ್ನು ಬೇಕೆಂದೇ ತೆಳುಮಾಡುತ್ತಾರೆ, ಸೀಳನ್ನು ತುಸು ಉದ್ದ ಎಳೆಯುತ್ತಾರೆ. ಆಟವಾಡಲು ತಲಕಟ್ಟಿನ ತುದಿ, ಇಳಿಯ ಬಾಲ, ಹೊಟ್ಟೆಯ ದುಂಡು ಇವೆ. ಅಲ್ಲಿ ಎಷ್ಟು ಕುಣಿದರೂ ಓದಿಗೆ ತೊಂದರೆಯಿಲ್ಲ. ಒಂದಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವ ಜಾಗಕ್ಕೆ ಕೈಹಾಕಿದರೆ ಮಾತ್ರ ಫಾಂಟ್ ಕೆಟ್ಟಿತು.

ಎರಡನೆಯ ತೊಡಕು 'ಶ್ವ'ದ ಒತ್ತು. ಮೂಲ 'ವ'ವನ್ನು ಹಾಗೇ ಕುಗ್ಗಿಸಿ ಕೂರಿಸಿದರೆ ಗೀಟೂ ಕುಗ್ಗಿ, ದಪ್ಪ 'ಶ'ದ ಕೆಳಗೆ ಬಡಕಲಾಗಿ ನೇತಾಡುತ್ತದೆ. ಗೀಟು ಅಷ್ಟೇ ದಪ್ಪ ಉಳಿಸಿದರೆ ಒಳಜಾಗ ತುಂಬಿ ಮಸಿಯ ಉಂಡೆ. ಎರಡರ ನಡುವಿನ ದಪ್ಪ ಹಿಡಿದು ಒತ್ತನ್ನು ಬೇರೆಯಾಗಿಯೇ ಬರೆಯಬೇಕು.

ಈಗ ಬಿಟ್ಟಿ ಸಿಗುವವುಗಳಲ್ಲಿ ಎರಡನ್ನು ಹೆಸರಿಸಬಹುದು. ಮುಂಬೈಯ ಏಕ್ ಟೈಪ್ ಬಳಗದ 'ಬಲೂ' ಕರಡಿಯ ಹೆಸರಿನ ದುಂಡನೆಯ ಕುಟುಂಬ. ಅದರ ಕನ್ನಡ ರೂಪ 'ಬಲೂ ತಮ್ಮ', ಗುಜರಾತಿಯದು 'ಬಲೂ ಭಾಯ್', ಮಲಯಾಳದ್ದು 'ಬಲೂ ಚೇಟ್ಟನ್'. ಮೊದಲು ಒಂದೇ ದಪ್ಪದಲ್ಲಿ ಬಂದಿತ್ತು. 'ಬಲೂ ತಮ್ಮ 2'ರಲ್ಲಿ ಐದು ದಪ್ಪಗಳಿವೆ. ಇನ್ನೊಂದು, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ 'ಅಕಾಯ ಕನದಕ'. ತೆಲುಗಿಗೆ ಅದರದೇ ಜೋಡಿ ಫಾಂಟ್ ಇದೆ. ವೈಷ್ಣವಿಯವರು ತುಳು-ತಿಗಳಾರಿ ಲಿಪಿಯನ್ನು ಯುನಿಕೋಡಿಗೆ ಸೇರಿಸಲು ದುಡಿದವರು. ಎರಡೂ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿವೆ. ಅಂಗಡಿ ಬೋರ್ಡಿಗೂ ಪುಸ್ತಕದ ಮುಖಪುಟಕ್ಕೂ ದುಡ್ಡು ಕೊಡದೆ ಬಳಸಬಹುದು.

ಬಳಸುವಾಗ ನೆನಪಿಡಬೇಕಾದ್ದು, ಇವು ತಲೆಬರಹದ ಅಕ್ಷರಗಳು. ಮದುವೆ ಕರೆಯೋಲೆಯಲ್ಲಿ ವಧೂವರರ ಹೆಸರಿಗೆ ಹಾಕಿ. ಮುಹೂರ್ತ, ವಿಳಾಸಕ್ಕೆ ನೋಟೋದಂಥ ಸಾದಾ ಫಾಂಟ್ ಸಾಕು. ಸಾಲಿನ ಅಂತರವನ್ನೂ ಇಂಗ್ಲಿಷಿನ ಲೆಕ್ಕದಲ್ಲಿ ಇಡಬೇಡಿ. ಯಕ್ಷಗಾನದ ಪೋಸ್ಟರಿನಲ್ಲಿ, 2024ರಲ್ಲಿ ತೀರಿಕೊಂಡ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರ ಹೆಸರನ್ನು ಕೂರಿಸಿದವರಿಗೆ ಇದು ಗೊತ್ತಿರುತ್ತದೆ. 'ಸುಬ್ರಹ್ಮಣ್ಯ' ಒಂದರಲ್ಲೇ ಸಾಲಾಗಿ ಮೂರು ಒತ್ತು. ಕೆಳಗಿನ ಸಾಲಿನ ಗುಡಿಸುಗಳು ಮೇಲೆದ್ದು ಅವಕ್ಕೆ ಢಿಕ್ಕಿ ಹೊಡೆಯುತ್ತವೆ. ಅಕ್ಷರದ ಅಳತೆಯ ಒಂದೂವರೆ ಪಟ್ಟು ಅಂತರದಿಂದ ಶುರುಮಾಡಿ, ಆಮೇಲೆ ಕಣ್ಣಳತೆಯಲ್ಲಿ ತಗ್ಗಿಸಿ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಚಟ ಬೇಡ; 'ರೇ'ಯ ದೀರ್ಘ ಕಳಚಿಕೊಂಡು ಒಂಟಿಯಾಗಿ ನಿಲ್ಲುವ ಅಪಾಯವಿದೆ.

ಡಿಟಿಪಿ ಅಂಗಡಿಯಲ್ಲಿ ಹೆಚ್ಚಿನ ರಗಳೆ ಸಾಫ್ಟ್‌ವೇರಿನದು. ಹಳೆಯ ಡಿಸೈನ್ ತಂತ್ರಾಂಶಕ್ಕೆ ಯುನಿಕೋಡ್ ಕನ್ನಡ ಅಂಟಿಸಿದರೆ ಒತ್ತು ಬಿಚ್ಚಿಕೊಂಡು 'ಶ್‌ವ' ಆಗುತ್ತದೆ. ಬೈಗುಳ ಫಾಂಟಿಗೆ ಬೀಳುತ್ತದೆ, ತಪ್ಪು ಅದರೊಳಗಿನ ನಿಯಮಗಳನ್ನು ಪಾಲಿಸದ ತಂತ್ರಾಂಶದ್ದು. ಅಡೋಬಿಯ ಹೊಸ ಆವೃತ್ತಿಗಳಲ್ಲಿ 'ವರ್ಲ್ಡ್-ರೆಡಿ' ಎಂಬ ಜೋಡಣೆ ಆಯ್ಕೆಯನ್ನು ಚಾಲೂ ಮಾಡಿದರೆ ಸರಿಹೋಗುತ್ತದೆ. ಅಕ್ಷರಕ್ಕೆ ಬಣ್ಣದ ಅಂಚು ಕಟ್ಟುವಾಗ ಇನ್ನೊಂದು ಪೇಚು: ಇಳಿಯೋ ಒತ್ತೋ ಮೂಲಾಕ್ಷರದ ಮೇಲೆ ಹತ್ತಿ ಕೂತ ಕಡೆ ಅಂಚು ಅಡ್ಡಗೆರೆಯಾಗಿ ಒಳಗೂ ಮೂಡುತ್ತದೆ. ಮೊದಲು ಅಕ್ಷರವನ್ನು ಕರ್ವ್ ಮಾಡಿ, ತುಂಡುಗಳನ್ನು ವೆಲ್ಡ್ ಮಾಡಿ, ನಂತರ ಅಂಚನ್ನು ಅಕ್ಷರದ ಹಿಂಬದಿಗೆ ಕೊಡಿ. ಮುಂಬದಿಗೆ ಕೊಟ್ಟರೆ ಅಷ್ಟು ಕಷ್ಟದಿಂದ ಉಳಿಸಿದ ಹೊಟ್ಟೆ ಸೀಳನ್ನು ಅಂಚೇ ನುಂಗುತ್ತದೆ.

ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ, ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು ಎಂದಿದೆ. ಜಾಗವೇನೋ ಸಿಕ್ಕಿತು. ಆದರೆ ಇಂಗ್ಲಿಷಿಗೆ ಚಂದದ ಫಾಂಟ್ ಆರಿಸಿ ಕನ್ನಡಕ್ಕೆ ಸಿಕ್ಕಿದ್ದನ್ನು ಅಡ್ಡಡ್ಡ ಎಳೆದು ತುಂಬಿಸುವ ಬೋರ್ಡುಗಳೇ ಹೆಚ್ಚು. ಹಾಗೆ ಎಳೆದಾಗ ನಿಂತ ಗೀಟು ದಪ್ಪವಾಗಿ, ಮಲಗಿದ ಗೀಟು ಮೊದಲಿನಷ್ಟೇ ಉಳಿದು, ಅಕ್ಷರ ಸೊಟ್ಟಗಾಗುತ್ತದೆ. ಅಗಲ ಸಾಲದಿದ್ದರೆ ಅಳತೆಯನ್ನು ಎರಡೂ ಕಡೆ ಸಮವಾಗಿ ಹಿಗ್ಗಿಸಿ. ಬೋರ್ಡು ಒಪ್ಪಿಸುವ ಮೊದಲು ಊರಿನ ಹೆಸರಿನಷ್ಟನ್ನು ನಿಜದ ಅಳತೆಯಲ್ಲಿ ಕಾಗದಕ್ಕೆ ತೆಗೆದು, ಗೋಡೆಗಂಟಿಸಿ, ರಸ್ತೆಯ ಆಚೆ ಬದಿಯಿಂದ ಯಾರ ಹತ್ತಿರವಾದರೂ ಓದಿಸಿ.