ರಸಾಭಾಸದ ಸವಿ



ಮೊನ್ನೆ ನನ್ನ ಮೊಮ್ಮಗ ಮೊಬೈಲಿನಲ್ಲಿ ಒಂದು ಹಾಡಿನ ತುಣುಕನ್ನು ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. 1978ರಲ್ಲಿ ತೆರೆಕಂಡ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಹಾಡು ಅದು. “ಅಜ್ಜಾ, ಆಗ ಜನ ಇದನ್ನೆಲ್ಲ ನಗದೇ ನೋಡ್ತಿದ್ರಾ?” ಎಂದು ಕೇಳಿದ. ಮೂವತ್ತು ವರ್ಷ ಕಾವ್ಯಮೀಮಾಂಸೆಯನ್ನು ಪಾಠ ಹೇಳಿದ ನಾನು ಆ ಹುಡುಗನ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲಾರದೆ ಹೋದೆ. ಏಕೆಂದರೆ ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ, ಅದೇ ಚಿತ್ರವನ್ನು ಕುರಿತೇ, ಒಮ್ಮೆ ನಮ್ಮ ತಂದೆಯವರು ನನಗೆ ಕೇಳಿದ್ದರು. ಅಂದೂ ನಾನು ಉತ್ತರಿಸಿರಲಿಲ್ಲ. ವಿಮರ್ಶಕರು ಹಳಿದ, ವಿದ್ಯಾವಂತರು ಗೇಲಿಮಾಡಿದ, ಆದರೂ ಜನ ಮರೆಯದ ಚಿತ್ರಗಳಲ್ಲಿ ಇರುವ ಸವಿಯಾದರೂ ಏನು? ಇಂದಿನ ಭಾಷಣದಲ್ಲಿ ಅದನ್ನೇ ವಿಚಾರಮಾಡೋಣ.

ನಮ್ಮ ದಾವಣಗೆರೆ ಹತ್ತಿಗಿರಣಿಗಳ ಊರಾಗಿತ್ತು. ಹಾಗೆಯೇ ನಾಟಕ, ಸಿನಿಮಾಗಳ ಊರೂ ಆಗಿತ್ತು. ಇಲ್ಲಿ ಅಶೋಕ ಟಾಕೀಸು, ಅರುಣಾ ಟಾಕೀಸು ಎಂಬವು ಚಿತ್ರಮಂದಿರಗಳ ಹೆಸರುಗಳಷ್ಟೇ ಅಲ್ಲ, ಪರವೂರಿನವರಿಗೆ ದಾರಿ ಹೇಳುವ ಗುರುತುಗಳು. ನಮ್ಮ ತಂದೆ ಮಿಲ್ಲಿನ ಕಾರ್ಮಿಕರು. ಪಾಳಿ ಮುಗಿಸಿ, ತಲೆಯಲ್ಲಿ ಹತ್ತಿಯ ಎಳೆಗಳಿದ್ದಂತೆಯೇ ಗಾಂಧಿಕ್ಲಾಸಿನಲ್ಲಿ ಹೋಗಿ ಕೂರುತ್ತಿದ್ದವರು. ರಜೆಯಲ್ಲಿ ಹರಿಹರದ ಸೋದರಮಾವನ ಮನೆಗೆ ಹೋದರೆ ಅಲ್ಲಿ ಟೂರಿಂಗ್ ಟಾಕೀಸಿನ ಟೆಂಟು. ಸಂಜೆ ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿಬಂತೆಂದರೆ ಊರಿಗೆ ಊರೇ ಎದ್ದು ಹೊರಡುತ್ತಿತ್ತು. ಇದ್ದದ್ದು ಒಂದೇ ಯಂತ್ರ. ರೀಲು ಬದಲಾಯಿಸುವಾಗಲೆಲ್ಲ ಕತ್ತಲು ಹರಿದು ಬೆಳಕಾಗುತ್ತಿತ್ತು. ಖಳನಾಯಕನ ಗವಿಯಲ್ಲಿ ನಾಯಕ ಸಿಕ್ಕಿಬಿದ್ದ ಗಳಿಗೆಯಲ್ಲೇ ಮಂಡಕ್ಕಿ-ಮೆಣಸಿನಕಾಯಿ ಮಾರುವವನು ಒಳಗೆ ಬರುತ್ತಿದ್ದ.

ನಾನು ‘ಜೇಡರ ಬಲೆ’ಯನ್ನು ನೋಡಿದ್ದು ಅಲ್ಲಿ. 1968ರಲ್ಲಿ ಬಂದ ಈ ಚಿತ್ರ ದೊರೆ-ಭಗವಾನ್ ಜೋಡಿಯ ನಿರ್ದೇಶನದ್ದು. ಇಂಗ್ಲಿಷಿನಲ್ಲಿ ಜೇಮ್ಸ್ ಬಾಂಡನ ಮೊದಲ ಚಿತ್ರ ‘ಡಾಕ್ಟರ್ ನೋ’ 1962ರಲ್ಲಿ ಬಂದಿತ್ತು. ಅದಾಗಿ ಆರೇ ವರ್ಷಕ್ಕೆ ನಮ್ಮಲ್ಲಿಯೂ ಒಬ್ಬ ಗೂಢಚಾರ ಹುಟ್ಟಿದ: ಸಿ.ಐ.ಡಿ. 999. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಹಲವು ವರ್ಷಗಳ ಅನಂತರ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲಿಯೂ ನಾಯಕ ರಾಜ್‌ಕುಮಾರರೇ. ಹಾಲಿವುಡ್ಡಿನ ಹಣಕ್ಕೂ ನಮ್ಮವರ ಕೈಯಲ್ಲಿದ್ದ ಹಣಕ್ಕೂ ಹೋಲಿಕೆಯೇ ಇರಲಿಲ್ಲ. ಆದರೆ ಆಸೆಯಲ್ಲಿ ಮಾತ್ರ ಕೊರತೆಯಿರಲಿಲ್ಲ. ತಮಾಷೆಯ ಸಂಗತಿಯೆಂದರೆ, ತೆರೆಯ ಮೇಲೆ ಕುಡಿತವನ್ನೂ ಧೂಮಪಾನವನ್ನೂ ದೂರವಿಟ್ಟ ನಟರೆಂದು ಹೆಸರಾದವರು ರಾಜ್‌ಕುಮಾರ್. ಬಾಂಡನಾದರೋ ಮದ್ಯದ ಬಟ್ಟಲಿಲ್ಲದೆ ಗುರುತೇ ಸಿಗದವನು. ಆ ಪಾತ್ರವನ್ನು ಈ ನಟನಿಗೆ ತೊಡಿಸಿದಾಗ ಅದು ಬರಿಯ ಅನುಕರಣೆಯಾಗಿ ಉಳಿಯುವುದು ಹೇಗೆ? ಅಳತೆ ಬೇರೆಯವರದು, ಮೈ ನಮ್ಮದು. ಹೊಲಿಗೆ ಅಲ್ಲಲ್ಲಿ ಬಿಚ್ಚಿತು. ಆದರೆ ಉಟ್ಟವನ ಗಾಂಭೀರ್ಯ ಕುಂದಲಿಲ್ಲ.

ಇನ್ನು ಆ 1978ರ ಮಾತು. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಚಿತ್ರಗಳು ರಾಷ್ಟ್ರದ ಅತ್ಯುನ್ನತ ಪ್ರಶಸ್ತಿಯನ್ನು ಕನ್ನಡಕ್ಕೆ ತಂದಿದ್ದ ಕಾಲ. ನಾನಾಗ ಬಿ.ಎ. ವಿದ್ಯಾರ್ಥಿ. ಹೊಸ ಅಲೆಯನ್ನು ಕುರಿತು ಗಂಟೆಗಟ್ಟಲೆ ಚರ್ಚಿಸುತ್ತಿದ್ದ ನಮ್ಮ ಗುಂಪು ಒಂದು ರಾತ್ರಿ ‘ಡೈಮಂಡ್ ರಾಕೆಟ್’ಗೆ ಹೋಯಿತು. ಹೋದದ್ದು ನೋಡುವುದಕ್ಕಲ್ಲ, ಗೇಲಿಮಾಡುವುದಕ್ಕೆ. ಮಾತುಮಾತಿಗೂ ಕೊಂಕು ನುಡಿದೆವು, ಸಿಳ್ಳೆ ಹಾಕಿದೆವು. ಮುಂದಿನ ಸಾಲುಗಳಲ್ಲಿದ್ದವರು ಒಂದೆರಡು ಬಾರಿ ಹಿಂತಿರುಗಿ ನೋಡಿದರು. ಅವರಲ್ಲಿ ನಮ್ಮ ತಂದೆಯೂ ಇದ್ದರೆಂಬುದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಅವರು ಗದರಲಿಲ್ಲ. ಕಾಲು ತೊಳೆದುಕೊಂಡು, ಟವಲಿನಿಂದ ಒರೆಸಿಕೊಳ್ಳುತ್ತ, “ನೋಡಾಕ ಹೋಗಿದ್ಯೋ, ನಗಾಕ ಹೋಗಿದ್ಯೋ?” ಎಂದರು. ಅಷ್ಟೇ. ಅಂದಿನಿಂದ ಅವರು ನನ್ನನ್ನು ಸಿನಿಮಾಕ್ಕೆ ಕರೆಯಲಿಲ್ಲ.

ನೋಡುವುದು ಬೇರೆ, ನಗುವುದು ಬೇರೆಯೇ? ನಮ್ಮ ಆಲಂಕಾರಿಕರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದಾರೆ. ಸಮಾರಂಭ ಕೆಟ್ಟರೆ ‘ರಸಾಭಾಸವಾಯಿತು’ ಎನ್ನುತ್ತೇವಲ್ಲ, ಆ ಮಾತು ಕಾವ್ಯಮೀಮಾಂಸೆಯಿಂದ ಬಂದದ್ದು. ಭಾವಕ್ಕೆ ತಕ್ಕ ಔಚಿತ್ಯವಿಲ್ಲದೆ ಹೋದರೆ ರಸ ನಿಷ್ಪನ್ನವಾಗುವುದಿಲ್ಲ, ರಸದ ತೋರಿಕೆ ಮಾತ್ರ ಉಂಟಾಗುತ್ತದೆ. ಚಿಪ್ಪಿನಲ್ಲಿ ಬೆಳ್ಳಿ ಹೊಳೆದಂತೆ. ಅಭಿನವಗುಪ್ತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ರಸವೇ ಆಗಲಿ ಆಭಾಸವಾದಾಗ ಹಾಸ್ಯಕ್ಕೆ ಕಾರಣವಾಗುತ್ತದೆ ಎನ್ನುತ್ತಾನೆ. ಸೀತೆಯ ಮುಂದೆ ರಾವಣ ತೋಡಿಕೊಳ್ಳುವ ಪ್ರೇಮ ಅವನಿಗೆ ಶೃಂಗಾರ. ನೋಡುವ ನಮಗೆ ಶೃಂಗಾರಾಭಾಸ, ಆದ್ದರಿಂದ ನಗೆ. ರಟ್ಟಿನ ಬಂಡೆಯನ್ನು ವೀರನೊಬ್ಬ ಏದುಸಿರು ಬಿಡುತ್ತ ಎತ್ತಿದಾಗ ನಮಗೆ ನಗು ಬರುವುದೂ ಇದೇ ನ್ಯಾಯದಿಂದ.

ಪಶ್ಚಿಮದವರು ಈ ಸ್ವಾರಸ್ಯವನ್ನು ‘ಕ್ಯಾಂಪ್’ ಎಂಬ ಮಾತಿನಿಂದ ಗುರುತಿಸುತ್ತಾರೆ. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1964ರಲ್ಲಿ ಇದನ್ನು ಕುರಿತು ಒಂದು ಪ್ರಸಿದ್ಧ ಪ್ರಬಂಧ ಬರೆದಳು. ಅವಳು ಹೇಳುವ ಮುಖ್ಯವಾದ ಮಾತು ಇದು: ಅಪ್ಪಟವಾದ ಕ್ಯಾಂಪ್ ಯಾವಾಗಲೂ ಮುಗ್ಧವಾದದ್ದು, ಅದು ಗಂಭೀರವಾದುದನ್ನೇ ಸಾಧಿಸಹೊರಟು ಸೋತಿರುತ್ತದೆ. ನಗಿಸಬೇಕೆಂದೇ ಕೆಟ್ಟದಾಗಿ ಮಾಡಿದ್ದರಲ್ಲಿ ಆ ಸವಿ ಹುಟ್ಟುವುದಿಲ್ಲ.

ಇದಕ್ಕೆ ಅಮೆರಿಕದ ಎಡ್ ವುಡ್ ಎಂಬ ನಿರ್ದೇಶಕನೇ ನಿದರ್ಶನ. ಅವನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರದಲ್ಲಿ ಸ್ಮಶಾನದ ಸಮಾಧಿಕಲ್ಲುಗಳು ಅಲ್ಲಾಡುತ್ತವೆ. ಮುಖ್ಯ ನಟ ಬೆಲಾ ಲುಗೋಸಿ 1956ರಲ್ಲಿಯೇ ತೀರಿಕೊಂಡಿದ್ದ. ಉಳಿದ ದೃಶ್ಯಗಳಲ್ಲಿ ಇನ್ನೊಬ್ಬನು ನಿಲುವಂಗಿಯಿಂದ ಮುಖ ಮುಚ್ಚಿಕೊಂಡು ಓಡಾಡಿದ. 1978ರಲ್ಲಿ ವುಡ್ ಬಡತನದಲ್ಲಿ ತೀರಿಕೊಂಡ. ಎರಡು ವರ್ಷಗಳಲ್ಲಿ ಒಂದು ಪುಸ್ತಕ ಅವನ ಚಿತ್ರಕ್ಕೆ ‘ಸಾರ್ವಕಾಲಿಕ ನಿಕೃಷ್ಟ ಚಿತ್ರ’ ಎಂಬ ಪಟ್ಟ ಕಟ್ಟಿತು. ಜನ ಹುಡುಕಿಕೊಂಡು ಹೋಗಿ ನೋಡತೊಡಗಿದರು. ಬದುಕಿದ್ದಾಗ ಸಿಗದ ಪ್ರೇಕ್ಷಕರು ಅವನಿಗೆ ನಗೆಯ ದಾರಿಯಿಂದ ಸಿಕ್ಕಿದರು.

ನಮ್ಮಲ್ಲಿಯೂ ಇಂಥ ಚತುರರೊಬ್ಬರಿದ್ದರು. ಉಡುಪಿಯ ಕಡೆಯ ಬಿ. ವಿಠಲಾಚಾರ್ಯರು ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸು ನಡೆಸಿ, ಡಿ. ಶಂಕರ್‌ಸಿಂಗರೊಡನೆ ಮಹಾತ್ಮ ಪಿಕ್ಚರ್ಸ್‌ನಲ್ಲಿ ಪಾಲುದಾರರಾಗಿದ್ದು, ಮುಂದೆ ತೆಲುಗಿನಲ್ಲಿ ಮಾಯಾಮಂತ್ರದ ಚಿತ್ರಗಳಿಂದ ಮನೆಮಾತಾದವರು. ಅವರ ದೆವ್ವಗಳು ಸೌದೆಯ ಬದಲು ತಮ್ಮ ಕಾಲನ್ನೇ ಒಲೆಗೆ ಒಡ್ಡಿ ಅಡಿಗೆ ಮಾಡುತ್ತಿದ್ದವು. ನಟನೊಬ್ಬ ಹೇಳಿದ ದಿನಕ್ಕೆ ಬಾರದೆ ಸತಾಯಿಸಿದರೆ ಆಚಾರ್ಯರು ಋಷಿಶಾಪದಿಂದ ಆ ಪಾತ್ರವನ್ನು ಗಿಳಿಯನ್ನಾಗಿಯೋ ಮೇಕೆಯನ್ನಾಗಿಯೋ ಮಾಡಿ ಚಿತ್ರ ಮುಗಿಸುತ್ತಿದ್ದರೆಂಬ ಕಥೆ ಚಿತ್ರರಂಗದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಎಡ್ ವುಡ್ಡನ ನಿಲುವಂಗಿಗೂ ಆಚಾರ್ಯರ ಗಿಳಿಗೂ ತತ್ತ್ವದಲ್ಲಿ ಭೇದವಿಲ್ಲ. ಇಲ್ಲದ್ದನ್ನು ಇದ್ದದ್ದರಿಂದ ತುಂಬಿಕೊಳ್ಳುವ ಛಲ ಇಬ್ಬರದೂ.

ಆದರೆ ನಮ್ಮ ಚಿತ್ರಗಳ ಅತಿಶಯಕ್ಕೆ ಇನ್ನೊಂದು ಬೇರೂ ಇದೆ. ಅದು ಕಂಪನಿ ನಾಟಕ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ದಾವಣಗೆರೆಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಚಿಂದೋಡಿ ಲೀಲಾ ಅವರ ಕಂಠವನ್ನು ಕೇಳಿ ಬೆಳೆದವರು ನಾವು. ಕಟ್ಟಕಡೆಯ ಬೆಂಚಿನವನಿಗೂ ಮಾತು ಮುಟ್ಟಬೇಕಾದರೆ ದನಿ ಏರಬೇಕು, ಕೈ ಬೀಸಬೇಕು, ಕಣ್ಣು ಅರಳಬೇಕು. ಇದು ಆ ರಂಗದ ವ್ಯಾಕರಣ. ಕ್ಯಾಮರಾ ಮುಖದ ಹತ್ತಿರಕ್ಕೆ ಬಂದಾಗ ಅದೇ ವ್ಯಾಕರಣ ವಿಮರ್ಶಕರ ಕಣ್ಣಿಗೆ ‘ಅತಿ ಅಭಿನಯ’ವಾಗಿ ಕಂಡಿತು. ಹಾಗೆಂದು ಅದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಅದು ಬೇರೊಂದು ಅಭ್ಯಾಸ.

ಹಾಗಾದರೆ ಕೆಟ್ಟ ಚಿತ್ರಗಳೆಲ್ಲವೂ ಒಳ್ಳೆಯವೇ? ಖಂಡಿತ ಅಲ್ಲ. ಆನಂದವರ್ಧನ ಕವಿಯ ದೋಷಗಳಿಗೆ ಎರಡು ಮೂಲಗಳನ್ನು ಹೇಳುತ್ತಾನೆ: ವ್ಯುತ್ಪತ್ತಿಯ ಕೊರತೆ ಒಂದು, ಶಕ್ತಿಯ ಕೊರತೆ ಇನ್ನೊಂದು. ಸಿನಿಮಾ ನೋಡಿ ನೋಡಿ ನಾನು ಮೂರನೆಯದೊಂದನ್ನು ಸೇರಿಸಿಕೊಂಡಿದ್ದೇನೆ, ಅದು ಉಪೇಕ್ಷೆ. ‘ಈ ಜನಕ್ಕೆ ಇಷ್ಟು ಸಾಕು’ ಎಂಬ ತಾತ್ಸಾರದಿಂದ ಹುಟ್ಟಿದ ದೋಷ. ಮೊದಲೆರಡನ್ನು ಪ್ರೀತಿಯಿಂದ ಕ್ಷಮಿಸಬಹುದು, ಮೂರನೆಯದನ್ನು ಕ್ಷಮಿಸಲಾಗದು. ಹೆಣ್ಣಿನ ಮೇಲಿನ ಬಲಾತ್ಕಾರವನ್ನು ಚಪ್ಪಾಳೆಗಾಗಿ ಚಿತ್ರಿಸಿದ, ಅಂಗವಿಕಲರನ್ನು ಹಾಸ್ಯದ ಸರಕಾಗಿಸಿದ ದೃಶ್ಯಗಳು ಆ ಕಾಲದ ಎಷ್ಟೋ ಚಿತ್ರಗಳಲ್ಲಿವೆ. ಅವನ್ನು ‘ಹಳೆಯ ಕಾಲದ ಮುಗ್ಧತೆ’ ಎಂದು ಕರೆದು ಸವಿಯುವುದು ಆತ್ಮವಂಚನೆ. ಅಲ್ಲಾಡುವ ಗೋಡೆ ಮುಗ್ಧವಾದದ್ದು. ಆ ದೃಶ್ಯಗಳು ಮುಗ್ಧವಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 999ರ ಚಿತ್ರಗಳನ್ನು ಕಟ್ಟಿದ ದೊರೆ-ಭಗವಾನ್‌ರೇ ‘ಕಸ್ತೂರಿ ನಿವಾಸ’ವನ್ನು (1971), ವಾಣಿಯವರ ಕಾದಂಬರಿಯಿಂದ ‘ಎರಡು ಕನಸು’ ಚಿತ್ರವನ್ನು (1974), ತ.ರಾ.ಸು. ಅವರ ಕಾದಂಬರಿಯಿಂದ ‘ಚಂದನದ ಗೊಂಬೆ’ಯನ್ನು (1979) ಕೊಟ್ಟರು. ನಾವು ಗೇಲಿಮಾಡಿದ ಕೈಯೂ ನಮ್ಮ ತಾಯಂದಿರನ್ನು ಅಳಿಸಿದ ಕೈಯೂ ಒಂದೇ. ಹರಿಹರದಲ್ಲಿ 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ದೇಗುಲವಿದೆ. ಅಲ್ಲಿಯ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ; ಕೈಮುಗಿಯುವವನು ಯಾವ ಅರ್ಧಕ್ಕೆಂದು ಲೆಕ್ಕಹಾಕುವುದಿಲ್ಲ. ‘ಘಟಶ್ರಾದ್ಧ’ವನ್ನು ಕಂಡು ಮೌನವಾಗುವ ರುಚಿಯೂ ‘ಜೇಡರ ಬಲೆ’ಯನ್ನು ಕಂಡು ಹಿಗ್ಗುವ ರುಚಿಯೂ ಒಬ್ಬನೇ ಮನುಷ್ಯನಲ್ಲಿ ಇರಬಹುದು. ಎರಡೂ ಸಮವೆಂದು ನಾನು ಹೇಳುತ್ತಿಲ್ಲ. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ ಎನ್ನುತ್ತಿದ್ದೇನೆ.

ಕೊನೆಯದಾಗಿ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಅವರಂಥ ಪ್ರೇಕ್ಷಕರು ಎಲ್ಲವನ್ನೂ ನಿಜವೆಂದು ನಂಬಿ ನೋಡುತ್ತಾರೆ, ಮೋಸ ನಮಗೆ ಮಾತ್ರ ಕಾಣುತ್ತದೆ ಎಂಬುದು ನಮ್ಮ ಗುಂಪಿನ ನಂಬಿಕೆಯಾಗಿತ್ತು. ಬಹಳ ವರ್ಷಗಳ ಮೇಲೆ ಒಂದು ಭಾನುವಾರ ದೂರದರ್ಶನದಲ್ಲಿ ಅಂಥದೇ ಒಂದು ಹಳೆಯ ಚಿತ್ರ ಬಂತು. ಅಷ್ಟರಲ್ಲಿ ಅವರು ಕೆಲಸ ಮಾಡಿದ ಮಿಲ್ಲೂ ಮುಚ್ಚಿತ್ತು. ಹೊಡೆದಾಟದ ದೃಶ್ಯದಲ್ಲಿ ಅವರು ಕಿಲಕಿಲನೆ ನಕ್ಕು, “ಗೋಡಿ ಅಲ್ಲಾಡತೈತಿ ನೋಡು” ಎಂದರು. ನನಗೆ ಆಶ್ಚರ್ಯ. “ಆಗ ಟೆಂಟಿನಾಗ ನೋಡಿದಾಗ ಗೊತ್ತಾಗಿತ್ತೇನಪ್ಪಾ?” ಎಂದು ಕೇಳಿದೆ. “ಗೊತ್ತಾಗಲಾರದ ಏನು? ಆಗಲೂ ಅಲ್ಲಾಡಿತ್ತು” ಎಂದರು, ಮತ್ತೆ ಚಿತ್ರದತ್ತ ತಿರುಗಿದರು.

ಹಾರುವ ಹನುಮಂತನ ಬೆನ್ನಿಗೆ ಕಟ್ಟಿದ ಹಗ್ಗವನ್ನು ಕಂಡೂ ಕೈಮುಗಿಯುವ ಪ್ರೇಕ್ಷಕ ಅವರು. ದೋಷ ಕಾಣದಿರುವುದು ಸಹೃದಯತೆಯಲ್ಲ, ದೋಷವನ್ನೇ ಎಣಿಸುತ್ತ ಕೂರುವುದೂ ಅಲ್ಲ. ಕಂಡೂ ಜೊತೆಗೆ ನಡೆಯುವುದು ಸಹೃದಯತೆ. ಅವರು ನೋಡುತ್ತಲೇ ನಗಬಲ್ಲವರಾಗಿದ್ದರು. ನೋಡದೆ ನಕ್ಕವರು ನಾವು. ಮೊಮ್ಮಗನಿಗೆ ನಾನು ಕೊಟ್ಟ ಉತ್ತರವೂ ಇದೇ: ನಗು ಮಗು, ಧಾರಾಳವಾಗಿ ನಗು, ಆದರೆ ತುಣುಕನ್ನು ನೋಡಿ ನಗಬೇಡ, ಪೂರ್ತಿ ಚಿತ್ರವನ್ನು ಕೂತು ನೋಡಿ ನಗು. ಬರುವ ಭಾನುವಾರ ನಾವಿಬ್ಬರೂ ‘ಜೇಡರ ಬಲೆ’ ನೋಡುವವರಿದ್ದೇವೆ.

(ಆಕಾಶವಾಣಿ ಭಾಷಣದ ಲಿಖಿತ ರೂಪ)