ಒತ್ತು ಶಾವಿಗೆಯ ದೂರದ ನೆಂಟರು: ಆಗ್ನೇಯ ಏಷ್ಯಾದ ಊಟಕ್ಕೆ ಕೂರುವ ಮುನ್ನ

ಬೆಳ್ಳೂರು: ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರಯಾಣಿಸುವವರಿಗೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಚಿರಪರಿಚಿತ. ಆದಿಚುಂಚನಗಿರಿ ಕ್ಷೇತ್ರಕ್ಕೆ ಬರುವ ಭಕ್ತರು, ಬಿ.ಜಿ. ನಗರದ ಕಾಲೇಜುಗಳ ವಿದ್ಯಾರ್ಥಿಗಳು ಬಸ್ಸು ಹತ್ತಿ ಇಳಿಯುವ ತಾಣವಿದು. ಇಲ್ಲಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಹೋದ ಯುವಜನರನ್ನು ಗೆಳೆಯರು ಕರೆದೊಯ್ಯುವ ಜಾಗಗಳ ಪಟ್ಟಿಗೆ ಈಗ ಥಾಯ್ಲೆಂಡ್, ವಿಯೆಟ್ನಾಂ, ಬರ್ಮಾ, ಮಲೇಷ್ಯಾಗಳ ಬೀದಿ ತಿನಿಸು ಬಡಿಸುವ ಸೊಗಸಾದ ರೆಸ್ಟೋರೆಂಟ್‌ಗಳೂ ಸೇರಿವೆ. ಮಂದ ಬೆಳಕು, ಬಿದಿರಿನ ಅಲಂಕಾರ, ಬಾಯಿಗೆ ಹೊರಳದ ಹೆಸರುಗಳ ಮೆನು. ಏನನ್ನು ಕೇಳಬೇಕು, ಏನನ್ನು ಬಿಡಬೇಕು ಎಂಬ ಗೊಂದಲ ಸಹಜ.

ಈ ಗೊಂದಲ ಕೇವಲ ರುಚಿಯದ್ದಲ್ಲ. ಸಸ್ಯಾಹಾರಿಯ ವ್ರತ, ಅಲರ್ಜಿ ಇರುವವರ ಆರೋಗ್ಯ ಹಾಗೂ ಜೇಬಿನ ಹಣ ಮೂರೂ ಇದರಲ್ಲಿ ಅಡಗಿವೆ.

ಹೆಸರು ಹೊಸತು, ಪದಾರ್ಥ ಹಳತು

ಮೆನುವಿನ ಹೆಸರುಗಳನ್ನು ಬದಿಗಿಟ್ಟು ಪದಾರ್ಥಗಳನ್ನು ಗಮನಿಸಿದರೆ ಮಂಡ್ಯ ಸೀಮೆಯವರಿಗೆ ಅಪರಿಚಿತವೆನಿಸುವುದು ಕಡಿಮೆ. ಅಕ್ಕಿ, ತೆಂಗಿನಕಾಯಿ ಹಾಲು, ಹುಣಸೆ, ಬೆಲ್ಲ, ಮೆಣಸಿನಕಾಯಿ, ಕಡಲೆಕಾಯಿ ಇವೇ ಅಲ್ಲಿನ ಅಡುಗೆಯ ಆಧಾರ. ಥಾಯ್ಲೆಂಡಿನಲ್ಲಿ ಕಬ್ಬಿನ ಬೆಲ್ಲದ ಜಾಗದಲ್ಲಿ ತಾಳೆ ಜಾತಿಯ ಮರಗಳ ಬೆಲ್ಲ ಹೆಚ್ಚು ಬಳಕೆಯಲ್ಲಿದೆ. ಮಜ್ಜಿಗೆ ಹುಲ್ಲು, ಶುಂಠಿ ಜಾತಿಯ ಗಲಾಂಗಲ್ ಗೆಡ್ಡೆ ಮತ್ತು ಒಂದು ಬಗೆಯ ನಿಂಬೆ ಎಲೆ ಅದಕ್ಕೆ ವಿಶಿಷ್ಟ ಪರಿಮಳ ನೀಡುತ್ತವೆ.

ನಮ್ಮ ಒತ್ತು ಶಾವಿಗೆಯನ್ನೇ ನೋಡಿ. ಅಕ್ಕಿಹಿಟ್ಟಿನ ಉಂಡೆಯನ್ನು ಬೇಯಿಸಿ, ಒರಳಿನಲ್ಲಿ ಒತ್ತಿ, ಕಾಯಿಹಾಲಿನೊಂದಿಗೆ ತಿನ್ನುವುದು ಇಲ್ಲಿನ ಪದ್ಧತಿ. ಥಾಯ್ಲೆಂಡಿನ 'ಖನೋಮ್ ಚೀನ್' ಕೂಡ ಒತ್ತಿದ ಅಕ್ಕಿ ಶಾವಿಗೆಯೇ. ಅಲ್ಲಿ ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಒತ್ತುತ್ತಾರೆ. ಮಲೇಷ್ಯಾ, ಸಿಂಗಪುರಗಳಲ್ಲಿ 'ಪುಟು ಮಾಯಮ್' ಎಂದು ಮಾರುವ ತಿನಿಸಂತೂ ದಕ್ಷಿಣ ಭಾರತದ ವಲಸಿಗರು ಕೊಂಡೊಯ್ದ ಶಾವಿಗೆ. ಅದನ್ನು ತೆಂಗಿನ ತುರಿ, ಸಕ್ಕರೆ ಅಥವಾ ಬೆಲ್ಲದೊಡನೆ ಕೊಡುತ್ತಾರೆ. ಅಲ್ಲಿನ 'ರೋಟಿ ಚನಾಯ್' ನಮ್ಮ ಪರೋಟದ ಸಮೀಪ ಬಂಧು.

ಬರ್ಮಾದಿಂದ ಬಂದ ನೂಡಲ್ಸ್

ವಲಸೆ ಒಂದೇ ದಿಕ್ಕಿನಲ್ಲಿ ನಡೆದದ್ದಲ್ಲ. 1962ರಲ್ಲಿ ಬರ್ಮಾದಲ್ಲಿ ಜನರಲ್ ನೆ ವಿನ್ ಸೇನಾಡಳಿತ ಆರಂಭವಾಗಿ ವ್ಯಾಪಾರಗಳು ರಾಷ್ಟ್ರೀಕರಣಗೊಂಡಾಗ ಅಪಾರ ಸಂಖ್ಯೆಯ ಭಾರತೀಯರು ತಾಯ್ನಾಡಿಗೆ ಮರಳಿದರು. ಅವರಲ್ಲಿ ಹಲವರು ಚೆನ್ನೈನ ಬರ್ಮಾ ಬಜಾರ್ ಸುತ್ತಮುತ್ತ ನೆಲೆ ಕಂಡುಕೊಂಡರು. ಅಲ್ಲಿ ತಳ್ಳುಗಾಡಿಗಳಲ್ಲಿ ಇಂದಿಗೂ ಸಿಗುವ 'ಅತ್ತೋ' ನೂಡಲ್ಸ್ ಆ ನೋವಿನ ಪ್ರಯಾಣದ ನೆನಪು.

ಅದೇ ಅಡುಗೆ ಈಗ ಬೇರೆ ವೇಷದಲ್ಲಿ ಬಂದಿದೆ. 2014ರಲ್ಲಿ ಮುಂಬೈನಲ್ಲಿ ಆರಂಭವಾದ 'ಬರ್ಮಾ ಬರ್ಮಾ' ರೆಸ್ಟೋರೆಂಟ್ ನಂತರ ಬೆಂಗಳೂರಿನ ಇಂದಿರಾನಗರಕ್ಕೂ ಕಾಲಿಟ್ಟಿತು. ಇದು ಸಂಪೂರ್ಣ ಸಸ್ಯಾಹಾರಿ ಎಂಬುದು ಗಮನಾರ್ಹ. ತೆಂಗಿನ ಹಾಲಿನ 'ಖೌ ಸ್ವೆ', ಹುದುಗಿಸಿದ ಚಹಾ ಎಲೆಯ ಸಲಾಡ್ ಬರ್ಮಾ ಅಡುಗೆಯ ಪ್ರಸಿದ್ಧ ಖಾದ್ಯಗಳು.

ಸಸ್ಯಾಹಾರಿಗಳೇ, ಎಚ್ಚರ

ಎಲ್ಲ ಕಡೆ ಇಂಥ ಅನುಕೂಲವಿಲ್ಲ. ಆಗ್ನೇಯ ಏಷ್ಯಾದಲ್ಲಿ ನಮ್ಮ ಉಪ್ಪಿನ ಕೆಲಸವನ್ನು ಬಹುಪಾಲು ಮಾಡುವುದು ಉಪ್ಪಿನಲ್ಲಿ ಹುದುಗಿಸಿದ ಮೀನಿನ ರಸ. ಥಾಯ್ಲೆಂಡಿನಲ್ಲಿ ಅದನ್ನು 'ನಾಮ್ ಪ್ಲಾ' ಎಂದೂ ವಿಯೆಟ್ನಾಂನಲ್ಲಿ 'ನುವೊಕ್ ಮಾಮ್' ಎಂದೂ ಕರೆಯುತ್ತಾರೆ. ಹುದುಗಿಸಿದ ಸಿಗಡಿಯ ಮುದ್ದೆ ಮಲೇಷ್ಯಾದ ಸಾಂಬಾಲ್ ಚಟ್ನಿಯಲ್ಲೂ ಥಾಯ್ ಕರಿಗಳ ಮಸಾಲೆಯಲ್ಲೂ ಇರುತ್ತದೆ. ಪಪ್ಪಾಯಿ ಕಾಯಿಯ 'ಸೋಮ್ ತಾಮ್' ನೋಡಲು ನಮ್ಮ ಕೋಸಂಬರಿಯಂತಿದ್ದರೂ ಸಾಂಪ್ರದಾಯಿಕ ವಿಧಾನದಲ್ಲಿ ಅದಕ್ಕೆ ಮೀನಿನ ರಸ, ಒಣ ಸಿಗಡಿ ಬೀಳುತ್ತವೆ. 'ಪ್ಯಾಡ್ ಥಾಯ್'ನಲ್ಲಿ ಮೊಟ್ಟೆಯೂ ಇರುತ್ತದೆ.

ಆದ್ದರಿಂದ 'ಇದು ವೆಜ್ಜಾ?' ಎಂಬ ಪ್ರಶ್ನೆ ಸಾಲದು. 'ಮೀನಿನ ಸಾಸ್, ಆಯ್ಸ್ಟರ್ ಸಾಸ್, ಸಿಗಡಿ ಪೇಸ್ಟ್ ಯಾವುದಾದರೂ ಇದೆಯೇ?' ಎಂದು ಹೆಸರಿಟ್ಟು ಕೇಳಬೇಕು. ಇವುಗಳಿಗೆ ಬದಲಾಗಿ ಸೋಯಾ ಸಾಸ್ ಬಳಸಲು ಅನೇಕ ಅಡುಗೆಮನೆಗಳಲ್ಲಿ ಸಾಧ್ಯ. ಆದರೆ ಮೊದಲೇ ಅರೆದಿಟ್ಟ ಮಸಾಲೆಯಲ್ಲಿ ಸಿಗಡಿ ಇದ್ದರೆ ಅದನ್ನು ತೆಗೆಯಲಾಗದು.

ಕಡಲೆಕಾಯಿ ಅಥವಾ ಸಿಗಡಿಯ ಅಲರ್ಜಿ ಇರುವವರು ಆರ್ಡರ್ ಕೊಡುವಾಗಲೇ ತಿಳಿಸುವುದು ಅನಿವಾರ್ಯ. ಕೇಂದ್ರ ಪರವಾನಗಿ ಹೊಂದಿದ ಅಥವಾ 10 ಹಾಗೂ ಅದಕ್ಕೂ ಹೆಚ್ಚು ಕಡೆ ಶಾಖೆಗಳಿರುವ ಆಹಾರ ಮಳಿಗೆಗಳು ಮೆನುವಿನಲ್ಲಿ ಕ್ಯಾಲೊರಿ ಪ್ರಮಾಣ ನಮೂದಿಸಬೇಕು, ಅಲರ್ಜಿಕಾರಕ ಪದಾರ್ಥಗಳ ಮಾಹಿತಿ ಕೊಡಬೇಕು ಎಂಬ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ಸಣ್ಣ ರೆಸ್ಟೋರೆಂಟ್‌ಗಳಲ್ಲಿ ಬಾಯಿಬಿಟ್ಟು ಕೇಳುವುದೇ ದಾರಿ.

ತಿನ್ನುವುದು ಹೇಗೆ, ಬಿಲ್ ಎಷ್ಟು?

ಚಾಪ್‌ಸ್ಟಿಕ್ ಹಿಡಿಯಲು ಬಾರದೆಂಬ ಸಂಕೋಚ ಬೇಡ. ಥಾಯ್ಲೆಂಡಿನಲ್ಲಿಯೇ ಅನ್ನದೂಟಕ್ಕೆ ಬಳಸುವುದು ಚಮಚ ಮತ್ತು ಫೋರ್ಕ್. ಮಲೇಷ್ಯಾ, ಇಂಡೊನೇಷ್ಯಾ, ಬರ್ಮಾಗಳಲ್ಲಿ ಕೈಯಿಂದ ಉಣ್ಣುವುದು ಸಾಮಾನ್ಯ. ಒಬ್ಬೊಬ್ಬರೂ ಒಂದೊಂದು ತಟ್ಟೆ ತರಿಸುವುದಕ್ಕಿಂತ ನಾಲ್ವರು ಸೇರಿ ಮೂರು ಬಗೆ ತರಿಸಿ ಹಂಚಿಕೊಂಡರೆ ರುಚಿಯೂ ಹೆಚ್ಚು, ಖರ್ಚೂ ಕಡಿಮೆ.

ಬಿಲ್ ಬಂದಾಗ ಎರಡು ಸಾಲುಗಳನ್ನು ನೋಡಿ. ಸಾಮಾನ್ಯ ರೆಸ್ಟೋರೆಂಟ್ ಊಟಕ್ಕೆ ಶೇ 5ರಷ್ಟು ಜಿಎಸ್‌ಟಿ ಕಡ್ಡಾಯ. ಸೇವಾ ಶುಲ್ಕ ಕಡ್ಡಾಯವಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.

ಬೀದಿಗೂ ಸಲ್ಲಬೇಕಾದ ಗೌರವ

ಹವಾನಿಯಂತ್ರಿತ ಕೊಠಡಿಯಲ್ಲಿ ಬೀದಿ ತಿನಿಸು ತಿನ್ನುವಾಗ ಅದರ ಮೂಲವನ್ನು ಮರೆಯುವಂತಿಲ್ಲ. ಸಿಂಗಪುರ ತನ್ನ ಬೀದಿ ವ್ಯಾಪಾರಿಗಳನ್ನು ಓಡಿಸಿ ಕೈತೊಳೆದುಕೊಳ್ಳಲಿಲ್ಲ. 1960ರ ದಶಕದ ಕೊನೆಯಲ್ಲಿ ಅವರನ್ನು ನೋಂದಾಯಿಸಿ, ಮುಂದಿನ ವರ್ಷಗಳಲ್ಲಿ ನೀರು, ಚರಂಡಿ, ಸೂರು ಇರುವ ಕೇಂದ್ರಗಳಿಗೆ ಸ್ಥಳಾಂತರಿಸಿತು. 2016ರಲ್ಲಿ ಅಲ್ಲಿನ ಅಂಗಡಿಗಳು ಮಿಷೆಲಿನ್ ತಾರೆ ಪಡೆದವು. 2020ರಲ್ಲಿ ಆ ಸಂಸ್ಕೃತಿ ಯುನೆಸ್ಕೊ ಪಟ್ಟಿಗೆ ಸೇರಿತು.

ನಮ್ಮಲ್ಲಿಯೂ ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸುವ ಕಾಯ್ದೆ 2014ರಲ್ಲೇ ಬಂದಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ನಿಷೇಧ ಅಗತ್ಯವಿತ್ತು, ನಿಜ. ಆದರೆ ಶುದ್ಧ ನೀರು, ಕಸ ಹಾಕಲು ಜಾಗ, ನಿಲ್ಲಲು ನೆಲೆ ಕೊಡದೆ ಶುಚಿತ್ವವನ್ನು ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ. ಇಂದಿರಾನಗರದಲ್ಲಿ ಬೀದಿ ತಿನಿಸಿಗೆ ಸಾವಿರಾರು ರೂಪಾಯಿ ತೆತ್ತು ಬಂದವರು ಬೆಳ್ಳೂರು ಕ್ರಾಸ್‌ನಂಥ ಊರುಗಳ ತಳ್ಳುಗಾಡಿಯ ಮುಂದೆಯೂ ಒಂದು ಕ್ಷಣ ನಿಂತು ಈ ಬಗ್ಗೆ ಯೋಚಿಸುವುದು ಒಳಿತು.